ಮನೆಯಲ್ಲಿ 10 ತಿಂಗಳ ಮಗು, ಗೋಡೆಯ ಮೇಲೆ ನಾಲ್ಕು ಕತ್ತಿ

ಪ್ರಶ್ನೆ: ನನಗೆ ಕತ್ತಿ, ಚಾಕು ಕೂಡಿಡುವ ಹವ್ಯಾಸ. ಎರಡು ಜಪಾನಿ ಕಟಾನಾ, ಯೂರೋಪಿನ ಮಾದರಿಯ ಒಂದು ಉದ್ದ ಕತ್ತಿ, ಅಂದಕ್ಕೆ ಕೊಂಡ ಇನ್ನೊಂದು ಕತ್ತಿ, ಹೀಗೆ ನಾಲ್ಕೂ ಹಾಲಿನಲ್ಲಿ ಸೋಫಾದ ಮೇಲಿನ ಗೋಡೆಯಲ್ಲಿವೆ. ಸುಮಾರು 30 ಚಾಕುಗಳು ಗಾಜಿನ ಬಾಗಿಲಿನ ಬೀರುವಿನಲ್ಲಿವೆ. ಮಗಳಿಗೆ 10 ತಿಂಗಳು, ಹಿಡಿದುಕೊಂಡು ನಿಲ್ಲಲು ಶುರು ಮಾಡಿದ್ದಾಳೆ. ಎಲ್ಲ ಮಾರಿಬಿಡಿ ಅಂತ ಹೆಂಡತಿ ಹೇಳುತ್ತಾಳೆ. ಅಷ್ಟು ಎತ್ತರದಲ್ಲಿದೆ, ಏನಾಗುತ್ತೆ ಅನ್ನುವುದು ನನ್ನ ವಾದ. ಬೀಗ ಹಾಕಿ ಮುಚ್ಚಿಟ್ಟರೆ ತುಕ್ಕು ಹಿಡಿಯುತ್ತದೆ ಎಂಬ ಭಯವೂ ಇದೆ. ಮಾರಬೇಕಾ? ಇಟ್ಟುಕೊಂಡರೆ ಹೇಗೆ ಇಡಬೇಕು? ಮಗಳಿಗೆ ಯಾವ ವಯಸ್ಸಿನಲ್ಲಿ ತೋರಿಸಬಹುದು?

ಉತ್ತರ: ಮಾರಬೇಕಾಗಿಲ್ಲ. ಆದರೆ ಗೋಡೆಯಿಂದ ಇಳಿಸಲೇಬೇಕು, ಅದೂ ಈ ವಾರದೊಳಗೆ. ನಿಮ್ಮ ಮನೆಯವರ ಭಯ ಸರಿಯಾಗಿಯೇ ಇದೆ, ಅವರು ಹೇಳುವ ಪರಿಹಾರ ಮಾತ್ರ ಸ್ವಲ್ಪ ಜಾಸ್ತಿ. ನಿಮ್ಮ 'ಎತ್ತರದಲ್ಲಿದೆ' ಎಂಬ ವಾದ ಇನ್ನು ಕೆಲವೇ ತಿಂಗಳು ನಡೆಯುತ್ತದೆ.

ಹಳೆಯ ಮತ್ತು ಹೊಸ ಅಲಗುಗಳ ತುಕ್ಕು ತೆಗೆದು, ಅವನ್ನು ಕೆಡದ ಹಾಗೆ ಇಡಲು ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಮನೆಗೆ ಮಗು ಬಂದ ಸಂಗ್ರಾಹಕರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: ಯಾವ ಬೀಗ ಒಳ್ಳೆಯದು? ಬೀಗದ ಮಾತು ಸುಲಭ, ಅದನ್ನೂ ಹೇಳುತ್ತೇನೆ. ಕಷ್ಟವೆಲ್ಲ ಇರುವುದು ಬೀಗ ತೆಗೆದ ಮೇಲೆ. ಎಣ್ಣೆ ಹಚ್ಚಲು ತೆಗೆಯುತ್ತೀರಿ, ಗೆಳೆಯರಿಗೆ ತೋರಿಸಲು ತೆಗೆಯುತ್ತೀರಿ, ಸುಮ್ನೆ ಒಮ್ಮೆ ನೋಡೋಣ ಅಂತಲೂ ತೆಗೆಯುತ್ತೀರಿ. ಆ ಅರ್ಧ ಗಂಟೆಯನ್ನು ಹೇಗೆ ನಡೆಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗೋಡೆ.

ಹಿಡಿದುಕೊಂಡು ನಿಲ್ಲುವ ಮಗು ಒಂದು ವರ್ಷದ ಆಸುಪಾಸಿನಲ್ಲಿ ನಡೆಯುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಸೋಫಾ ಹತ್ತುತ್ತದೆ. ಎರಡು ವರ್ಷಕ್ಕೆ ಕುರ್ಚಿ ಎಳೆದುಕೊಂಡು ಹೋಗಿ ತನಗೆ ಬೇಕಾದ ಕಡೆ ಹಾಕಿಕೊಂಡು ಹತ್ತುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ವರ್ಷದ ಮಗು ಸರಾಸರಿ 85 ಸೆಂ.ಮೀ. ಎತ್ತರ ಇರುತ್ತದೆ, ಕೈ ಎತ್ತಿದರೆ ಸುಮಾರು 1 ಮೀಟರ್. ಸೋಫಾದ ಬೆನ್ನು ನೆಲದಿಂದ 80-85 ಸೆಂ.ಮೀ. ಇರುತ್ತದೆ. ಅದರ ಮೇಲೆ ಕಾಲಿಟ್ಟು ಗೋಡೆಗೆ ಆನಿಕೊಂಡು ನಿಂತರೆ ಬೆರಳು 180 ಸೆಂ.ಮೀ. ಮುಟ್ಟುತ್ತದೆ. ಜನ ಸಾಮಾನ್ಯವಾಗಿ ಕತ್ತಿ ನೇತು ಹಾಕುವುದು ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ. ನೀವು ಅವಳಿಗೆ ಏಣಿಯನ್ನೂ ಜೊತೆಗೇ ಇಟ್ಟಿದ್ದೀರಿ!

ಹತ್ತದೇ ಇದ್ದರೂ ಅಪಾಯ ಇದೆ. ಕಟಾನಾ ಒಂದೊಂದೂ 1ರಿಂದ 1.3 ಕಿಲೋ ತೂಗುತ್ತದೆ, ಯೂರೋಪಿನ ಉದ್ದ ಕತ್ತಿ 1.2ರಿಂದ 1.6 ಕಿಲೋ. ಎರಡು ಕೊಕ್ಕೆಗಳ ಮೇಲೆ ಬರೀ ತನ್ನ ಭಾರಕ್ಕೆ ಕೂತಿರುತ್ತದೆ. ಚೆಂಡು ಬಡಿದರೆ, ಬಾಗಿಲು ಧಡಾರ್ ಅಂತ ಮುಚ್ಚಿಕೊಂಡರೆ, ಗೋಡೆಯ ಮೊಳೆ ಸಡಿಲವಾದರೆ ಕೆಳಗೆ ಬರುತ್ತದೆ. ಕೆಳಗೆ ಸೋಫಾದಲ್ಲಿ ಯಾರು ಮಲಗಿರುತ್ತಾರೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಒರೆಯಲ್ಲಿದೆ ಎಂಬುದನ್ನೂ ನೆಚ್ಚಿಕೊಳ್ಳಬೇಡಿ. ಕಟಾನಾವನ್ನು ಒರೆಯೊಳಗೆ ಹಿಡಿದಿಡುವುದು ಅಲಗಿನ ಬುಡದಲ್ಲಿರುವ ಹಬಾಕಿ ಎಂಬ ಲೋಹದ ಪಟ್ಟಿ. ಅದು ಒರೆಯ ಬಾಯಿಗೆ ಬಿಗಿಯಾಗಿ ಕೂರುವುದೊಂದೇ ಆಧಾರ, ಚಿಲಕ ಗಿಲಕ ಏನೂ ಇಲ್ಲ. ಹತ್ತಾರು ಸಲ ಹಿರಿದು ಹಾಕಿದ ಒರೆಯ ಬಾಯಿ ಸವೆದಿರುತ್ತದೆ. ಹಿಡಿ ಕೆಳಗೆ ವಾಲಿದರೆ ಅಲಗು ತಾನಾಗಿ ಜಾರಿ ಬರುತ್ತದೆ. ನಿಮ್ಮವು ಹೇಗಿವೆ ಅಂತ ನೋಡಬೇಕಾದರೆ ಮಂಚದ ಮೇಲೆ ದಪ್ಪ ಕಂಬಳಿ ಮಡಿಸಿ ಹಾಕಿ, ಅದಕ್ಕಿಂತ ಒಂದು ಗೇಣು ಮೇಲೆ ಕತ್ತಿಯನ್ನು ಅಡ್ಡ ಹಿಡಿಯಿರಿ. ಒರೆಯನ್ನು ಮಾತ್ರ ಹಿಡಿದು ಹಿಡಿಯ ಕಡೆ ನಿಧಾನವಾಗಿ ಬಗ್ಗಿಸಿ. ಜಾರಿದರೆ ಒರೆ ಸಡಿಲ ಎಂದರ್ಥ. ಬರಿಗಾಲಲ್ಲಿ ನಿಂತು ಮಾಡಬೇಡಿ.

'ಅದು ಮೊಂಡು ಕತ್ತಿ, ಸಾಣೆ ಹಿಡಿದೇ ಇಲ್ಲ' ಎಂಬ ಮಾತನ್ನೂ ತುಂಬ ಸಲ ಕೇಳಿದ್ದೇನೆ. ಮೊಂಡು ಎನ್ನುವುದು ಅಂಚಿಗೆ. ಮೊನೆಗೆ ಯಾವ ಸಾಣೆಯೂ ಬೇಕಾಗಿಲ್ಲ. ಮಗುವಿನ ಕಣ್ಣಿನ ಎತ್ತರಕ್ಕೆ ಬಂದ ಮೊಂಡು ಕತ್ತಿಯೂ ಕತ್ತಿಯೇ.

ಇನ್ನು ಗಾಜಿನ ಬೀರು. ಇದರಲ್ಲಿ ಮೂರು ತೊಂದರೆ ಇದೆ. ಮೊದಲನೆಯದು ಗಾಜು. ಸಾಮಾನ್ಯ ಗಾಜು ಒಡೆದರೆ ಚೂರಿಯಂಥ ಚೂಪು ತುಂಡುಗಳಾಗುತ್ತದೆ. ಟಫನ್ಡ್ ಗಾಜು ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಲ್ಯಾಮಿನೇಟೆಡ್ ಗಾಜು ಒಡೆದರೂ ಒಳಗಿನ ಪದರಕ್ಕೆ ಅಂಟಿಕೊಂಡೇ ಇರುತ್ತದೆ. ಹೊಸದಾಗಿ ನಡೆಯುವ ಮಗು ದಿನಕ್ಕೆ ಎಷ್ಟು ಸಲ ಬೀಳುತ್ತದೆ ಅಂತ ಲೆಕ್ಕವಿಲ್ಲ. ನಿಮ್ಮದು ಯಾವ ಗಾಜು ಅಂತ ಗೊತ್ತಿಲ್ಲದಿದ್ದರೆ ಸಾಮಾನ್ಯ ಗಾಜು ಅಂತಲೇ ಇಟ್ಟುಕೊಳ್ಳಿ. ಎರಡನೆಯದು ಬೀರು ಉರುಳುವುದು. ಮಕ್ಕಳು ಖಾನೆಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಭಾರ ಮುಂದಕ್ಕೆ ಬಂದು ಇಡೀ ಬೀರು ಮೇಲೆ ಬೀಳುತ್ತದೆ. ಇದು ಚಾಕು ಇಲ್ಲದ ಮನೆಗೂ ಅನ್ವಯಿಸುತ್ತದೆ. ಎತ್ತರದ ಬೀರು ಯಾವುದಿದ್ದರೂ ಗೋಡೆಗೆ ಬೋಲ್ಟ್ ಹಾಕಿಸಿ. ಮೂರನೆಯದು ನೋಟ. ಗಾಜಿನ ಹಿಂದೆ ದೀಪ ಹಾಕಿ ಸಾಲಾಗಿ ಜೋಡಿಸಿಟ್ಟ ಹೊಳೆಯುವ ವಸ್ತುವನ್ನು ದಿನವೂ ತೋರಿಸಿ, ಮುಟ್ಟಬೇಡ ಅನ್ನುತ್ತೀರಿ. ಮಕ್ಕಳ ವಿಷಯದಲ್ಲಿ ಇದು ನಡೆಯದ ಮಾತು. ಆ ಬೀರುವಿನಲ್ಲಿ ಪುಸ್ತಕ ಇಡಿ.

ಹಾಗಾದರೆ ಎಲ್ಲಿ ಇಡಬೇಕು? ಉದ್ದ ಬಂದೂಕು ಇಡಲು ಮಾಡುವ ಕಬ್ಬಿಣದ ಬೀರು ನನ್ನ ಮೊದಲ ಆಯ್ಕೆ. ಕಿರಿದಾಗಿ, ಎತ್ತರವಾಗಿ ಇರುತ್ತದೆ. ಹಿಂದೆ ಮತ್ತು ಕೆಳಗೆ ಬೋಲ್ಟಿಗೆ ತೂತುಗಳಿರುತ್ತವೆ. ಕೊಳ್ಳುವ ಮೊದಲು ಕತ್ತಿಯನ್ನು ಒರೆಯ ಸಮೇತ ಅಳೆಯಿರಿ. ಕಟಾನಾ ಒರೆ, ಹಿಡಿ ಎಲ್ಲ ಸೇರಿ 1 ಮೀಟರಿನ ಸುಮಾರಿಗೆ ಇರುತ್ತದೆ, ಉದ್ದ ಕತ್ತಿ 110ರಿಂದ 125 ಸೆಂ.ಮೀ. ಬೀರುವಿನ ಹೊರಗಿನ ಅಳತೆ ಕೇಳಬೇಡಿ, ಒಳಗಿನದು ಕೇಳಿ. ಒಳಗೆ ಮೇಲೊಂದು ಖಾನೆ ಇದ್ದರೆ ಅದಕ್ಕೇ ಒಂದು ಗೇಣು ಹೋಗಿಬಿಡುತ್ತದೆ. ಚಾಕುಗಳಿಗೆ ಅದೇ ಬೀರುವಿನೊಳಗೆ ತೆಳ್ಳನೆಯ ಟ್ರೇಗಳು ಸಾಕು.

ಅಷ್ಟು ದೊಡ್ಡ ಬೀರಿಗೆ ಜಾಗ ಇಲ್ಲದಿದ್ದರೆ ಗಟ್ಟಿ ಮರದ ಉದ್ದ ಪೆಟ್ಟಿಗೆಯೂ ಆಗಬಹುದು, ಬೀಗ ಹಾಕುವ ಕೊಂಡಿ ಇರಬೇಕು. ಆದರೆ ಮುಚ್ಚಳದ ಪೆಟ್ಟಿಗೆಗೆ ಅದರದೇ ಅಪಾಯ ಇದೆ. ಭಾರದ ಮುಚ್ಚಳ ಬೆರಳಿನ ಮೇಲೋ ಕತ್ತಿನ ಮೇಲೋ ಬೀಳುತ್ತದೆ, ಮಗು ಒಳಗೆ ಇಳಿದು ಸಿಕ್ಕಿಹಾಕಿಕೊಳ್ಳಲೂಬಹುದು. ಎಷ್ಟೇ ತೆರೆದರೂ ಅಲ್ಲೇ ನಿಲ್ಲುವಂಥ ಆಸರೆ ಮುಚ್ಚಳಕ್ಕೆ ಹಾಕಿಸಿ. ಖಾಲಿ ಇದ್ದಾಗಲೂ ಬೀಗ ತಪ್ಪಬಾರದು.

ಬೀಗದ ಬಗ್ಗೆ ನನ್ನ ಅಭಿಪ್ರಾಯ ಸರಳ. ಬೀಗದ ಕೈಯನ್ನು ಬಚ್ಚಿಡುತ್ತೇವೆ ಅನ್ನುವವರು ಮಕ್ಕಳನ್ನು ಕಡಿಮೆ ಅಂದಾಜು ಮಾಡುತ್ತಾರೆ. ಮೂರು ವರ್ಷದ ಮಗುವಿಗೆ ಮನೆಯಲ್ಲಿ ಗೊತ್ತಿಲ್ಲದ ಮೂಲೆ ಇಲ್ಲ. ಸಂಖ್ಯೆಯ ಬೀಗ ಹಾಕಿಸಿ. ಸಂಖ್ಯೆ ಮಗಳ ಹುಟ್ಟಿದ ದಿನ ಆಗಿರಬಾರದು, ಅದನ್ನು ಅವಳೇ ಮೊದಲು ಕಲಿಯುತ್ತಾಳೆ. ಅವಳು ನೋಡುವಾಗ ತೆಗೆಯಬೇಡಿ. ಒಂದು ವರ್ಷ ದಾಟಿದ ಮಗು ಇವತ್ತು ನೋಡಿದ ಕೆಲಸವನ್ನು ನೆನಪಿಟ್ಟುಕೊಂಡು ವಾರದ ಮೇಲೆ ಮಾಡಿ ತೋರಿಸಬಲ್ಲದು. ಬ್ಯಾಟರಿಯ ಬೀಗವಾದರೆ ಬ್ಯಾಟರಿ ಮುಗಿದಾಗ ಏನು ಮಾಡಬೇಕು ಅಂತ ಮೊದಲೇ ತಿಳಿದುಕೊಳ್ಳಿ. ಎಷ್ಟೋ ಜನ ಅದೊಂದು ಸಲ ತೊಂದರೆಯಾಯಿತು ಅಂತ ಆಮೇಲೆ ಬೀಗವನ್ನೇ ಹಾಕುವುದಿಲ್ಲ. ಅಡುಗೆಮನೆಯ ಕಪಾಟಿಗೆ ಅಂಟಿಸುವ ಪ್ಲಾಸ್ಟಿಕ್ ಕೊಂಡಿ, ಅಯಸ್ಕಾಂತದ ಚಿಲಕ ಇವೆಲ್ಲ ಮಗುವನ್ನು ಸ್ವಲ್ಪ ಹೊತ್ತು ತಡೆಯಲು ಸರಿ. ಕತ್ತಿಗೆ ಅದು ಸಾಲದು. ಬೀರುವಿನ ತಲೆಯ ಮೇಲೆ, ಅಟ್ಟದ ಮೇಲೆ ಇಡುವುದಂತೂ ಬೇಡವೇ ಬೇಡ. ಮಗು ಹತ್ತದಿದ್ದರೂ ನೀವೇ ತೆಗೆಯುವಾಗ ಕೈ ಜಾರುತ್ತದೆ.

ಈಗ ಆ ಅರ್ಧ ಗಂಟೆ. ರೂಢಿಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ನಿಮ್ಮ ಮನೆಗೆ ಹೊಂದುತ್ತದಾ ನೋಡಿ. ಮಗು ಮಧ್ಯಾಹ್ನ ಮಲಗಿದೆ. ಇದೇ ಸಮಯ ಅಂತ ಎಲ್ಲವನ್ನೂ ತೆಗೆದು ಮಂಚದ ಮೇಲೆ ಹರಡುತ್ತೀರಿ. ಒಂದಕ್ಕೆ ಎಣ್ಣೆ ಹಚ್ಚುತ್ತೀರಿ, ಇನ್ನೊಂದನ್ನು ಒರೆಸುತ್ತೀರಿ, ಮೂರನೆಯದರ ಒರೆ ಎಲ್ಲಿಟ್ಟೆ ಅಂತ ಹುಡುಕುತ್ತೀರಿ. ಕರೆಗಂಟೆ ಬಾರಿಸುತ್ತದೆ. ಎದ್ದು ಹೋಗುತ್ತೀರಿ. ಬಂದವರ ಜೊತೆ ಎರಡು ಮಾತು. ಅಷ್ಟರಲ್ಲಿ ಗಂಟೆಯ ಸದ್ದಿಗೆ ಮಗು ಎದ್ದಿರುತ್ತದೆ, ಎದ್ದ ಮಗು ಅಂಬೆಗಾಲಿಟ್ಟು ಹೋಗುವುದು ತೆರೆದ ಬಾಗಿಲಿನ ಕಡೆಗೇ. ಇಲ್ಲಿ ಬೀಗ ಚೆನ್ನಾಗಿಯೇ ಇತ್ತು!

ಆದ್ದರಿಂದ ಮಗು ಮಲಗಿದೆ ಎಂಬುದು ಸಾಲದು. ಅವಳನ್ನು ನೋಡಿಕೊಳ್ಳಲು ಇನ್ನೊಬ್ಬ ದೊಡ್ಡವರು ಇರಬೇಕು, ಅವರಿಗೆ 'ಈಗ ನಾನು ಅಲಗು ತೆಗೆಯುತ್ತಿದ್ದೇನೆ' ಅಂತ ಬಾಯಿಬಿಟ್ಟು ಹೇಳಿರಬೇಕು. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ. ಒಂದನ್ನು ತೆಗೆಯಿರಿ, ಒರೆಸಿ, ಎಣ್ಣೆ ಹಚ್ಚಿ, ಒಳಗಿಡಿ, ಬಾಗಿಲು ಮುಚ್ಚಿ. ಆಮೇಲೆ ಎರಡನೆಯದು. ಕರೆಗಂಟೆಯಾಗಲಿ ಫೋನಾಗಲಿ, ಕೈಯಲ್ಲಿರುವುದು ಒಳಗೆ ಹೋದ ಮೇಲೇ ನೀವು ಏಳಬೇಕು. 30 ಚಾಕುಗಳನ್ನು ಒಂದೇ ದಿನ ಮುಗಿಸಬೇಕು ಅಂತ ಯಾರೂ ಹೇಳಿಲ್ಲ, ದಿನಕ್ಕೆ ಐದಾರು ಮಾಡಿ.

ಟ್ರೇಯಲ್ಲಿ ಪ್ರತಿ ಚಾಕುವಿನ ಆಕಾರಕ್ಕೆ ಫೋಮ್ ಕತ್ತರಿಸಿ ಒಂದೊಂದು ಗೂಡು ಮಾಡಿಕೊಳ್ಳಿ. ನೋಡಲು ಚೆಂದ ಅಂತಲ್ಲ. ಬಾಗಿಲು ಮುಚ್ಚುವ ಮುಂಚೆ ಒಮ್ಮೆ ಕಣ್ಣಾಡಿಸಿದರೆ ಖಾಲಿ ಗೂಡು ತಾನಾಗಿ ಕಾಣುತ್ತದೆ. ಡಬ್ಬಿಯಲ್ಲಿ ರಾಶಿ ಹಾಕಿಟ್ಟ ಮೂವತ್ತರಲ್ಲಿ ಒಂದು ದಿಂಬಿನ ಕೆಳಗೆ ಉಳಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಫೋಮ್ ಪಾಲಿಎಥಿಲೀನಿನದ್ದಾಗಿರಲಿ. ಹಾಸಿಗೆಗೆ ಬಳಸುವ ಮೆತ್ತನೆಯ ಫೋಮ್ ಕೆಲವು ವರ್ಷಕ್ಕೆ ಪುಡಿಪುಡಿಯಾಗಿ ಅಲಗಿಗೆ ಅಂಟಿಕೊಳ್ಳುತ್ತದೆ.

ಸಾಣೆ ಹಿಡಿಯುವವರಾಗಿದ್ದರೆ ಇನ್ನೊಂದು ಮಾತು. ಕಲ್ಲಿನ ಮೇಲೆ ತಿಕ್ಕಿದಾಗ ಕೂದಲೆಳೆಯಂಥ ಲೋಹದ ಸಿಬಿರು ಏಳುತ್ತದೆ, ನೆಲಕ್ಕೂ ಬೀಳುತ್ತದೆ. ಅದೇ ನೆಲದಲ್ಲಿ ಮಗಳು ಅಂಗೈ ಊರಿ ಓಡಾಡುತ್ತಾಳೆ, ಆ ಅಂಗೈ ನೇರ ಬಾಯಿಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅಯಸ್ಕಾಂತ ಸುತ್ತಿ ನೆಲದ ಮೇಲೆ ಆಡಿಸಿ. ಚೀಲವನ್ನು ಒಳಮೈ ಹೊರಗೆ ತಿರುಗಿಸಿದರೆ ಸಿಬಿರೆಲ್ಲ ಚೀಲದಲ್ಲೇ ಉಳಿಯುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಬಗೆಗೆ ಅಯಸ್ಕಾಂತ ಹಿಡಿಯುವುದಿಲ್ಲ, ಕಲ್ಲಿನ ಪುಡಿಗೂ ಹಿಡಿಯುವುದಿಲ್ಲ. ಹಾಗಾಗಿ ಒದ್ದೆ ಬಟ್ಟೆ ಬಿಡಬೇಡಿ.

ಅಲಗಿಗಿಂತ ಅದಕ್ಕೆ ಹಚ್ಚುವ ಸಾಮಾನಿನ ಬಗ್ಗೆ ಜನ ಯೋಚಿಸುವುದು ಕಡಿಮೆ. ಎಣ್ಣೆ ಶೀಶೆ ಕಿಟಕಿಯ ಮೇಲೆ ಇದ್ದೇ ಇರುತ್ತದೆ. ಜಪಾನಿ ಕತ್ತಿಗೆ ಹಚ್ಚುವ ಚೋಜಿ ಎಣ್ಣೆ ಎಂದರೆ ಖನಿಜ ಎಣ್ಣೆಗೆ ಸ್ವಲ್ಪ ಲವಂಗದ ಎಣ್ಣೆ ಬೆರೆಸಿದ್ದು. ಕೆಲವರು ಇದನ್ನು ಮನೆಯಲ್ಲೇ ಬೆರೆಸಿಕೊಳ್ಳಲು ಅಪ್ಪಟ ಲವಂಗದ ಎಣ್ಣೆ ತಂದಿಡುತ್ತಾರೆ. ಅದು ಚಿಕ್ಕ ಮಕ್ಕಳಿಗೆ ವಿಷ. 5-10 ಮಿ.ಲೀ. ಕುಡಿದ ಎರಡು ವರ್ಷದ ಮಗುವಿನ ಲಿವರ್ ಕೆಟ್ಟು ಪ್ರಜ್ಞೆ ತಪ್ಪಿದ ಪ್ರಕರಣ ವೈದ್ಯಕೀಯ ದಾಖಲೆಯಲ್ಲಿದೆ. ತುಕ್ಕು ಬಿಡಿಸುವ ತೆಳು ಎಣ್ಣೆ, ಸೀಮೆಎಣ್ಣೆ, ಥಿನ್ನರ್ ಇವುಗಳ ಅಪಾಯ ಬೇರೆ ಥರ. ನುಂಗುವಾಗ ಅಥವಾ ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಇಂಥದ್ದು ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು, ನೇರ ಆಸ್ಪತ್ರೆಗೆ ಹೋಗಬೇಕು, ಶೀಶೆಯನ್ನೂ ಜೊತೆಗೆ ಒಯ್ಯಬೇಕು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಣ್ಣ ಬದಲಿಸುವ ನೀಲಿ ಹರಳಿನ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅದನ್ನು ತರಲೇಬೇಡಿ, ಬಣ್ಣವಿಲ್ಲದ ಬಿಳಿಯದು ತನ್ನಿ. ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ. ಉಳಿದ ಎಲ್ಲ ಸಾಮಾನೂ ಕತ್ತಿಯ ಜೊತೆ ಬೀಗದೊಳಗೇ ಇರಲಿ, ಬೇರೊಂದು ಡಬ್ಬಿಯಲ್ಲಿ ಮುಚ್ಚಿ.

ತುಕ್ಕಿನ ಭಯ. ಇದು ನಿಜವಾದ ಭಯ, ಮುಚ್ಚಿಟ್ಟು ಮರೆತ ಕತ್ತಿಗಳೇ ನನಗೆ ಹೆಚ್ಚು ಕೆಲಸ ಕೊಡುವುದು. ಆದರೆ ಅವನ್ನು ಕೆಡಿಸಿದ್ದು ಬೀಗ ಅಲ್ಲ, ಚರ್ಮದ ಒರೆ. ಹದ ಮಾಡಿದ ಚರ್ಮದಲ್ಲಿ ಆಮ್ಲ, ಉಪ್ಪು ಉಳಿದಿರುತ್ತದೆ. ಮೇಲಿಂದ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಕಾರ್ಬನ್ ಸ್ಟೀಲಿನ ಅಲಗನ್ನು ಅದರೊಳಗೆ ತಿಂಗಳುಗಟ್ಟಲೆ ಇಟ್ಟರೆ ಚರ್ಮ ತಗಲಿದಷ್ಟು ಕಡೆ ಚುಕ್ಕೆ ಚುಕ್ಕೆಯಾಗಿ ತಿಂದುಹಾಕುತ್ತದೆ. ಹಿತ್ತಾಳೆಯ ಗುಂಡಿ ಇರುವ ಕಡೆ ಹಸಿರು ಕಿಲುಬು ಕಟ್ಟುತ್ತದೆ. ಚಾಕುಗಳನ್ನು ಚರ್ಮದ ಒರೆಯಿಂದ ತೆಗೆದು ಬೇರೆ ಬೇರೆ ಇಡಿ. ಹಾಗಂತ ಬರಿ ಅಲಗು ಬಿಡುವಂತೆಯೂ ಇಲ್ಲ, ನಿಮ್ಮ ಕೈಗೂ ಅಪಾಯ. ಅಂಚಿಗೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಕವಚ ಹಾಕಿ.

ಕಟಾನಾಗಳಿಗೆ ಈ ಸಮಸ್ಯೆ ಕಡಿಮೆ, ಅವುಗಳ ಒರೆ ಮರದ್ದು. ಜಪಾನಿನಲ್ಲಿ ಬೆಲೆಬಾಳುವ ಅಲಗನ್ನು ಬಹುಕಾಲ ಇಡಲು ಶಿರಾಸಾಯಾ ಎಂಬ ಬಣ್ಣ ಹಚ್ಚದ ಮರದ ಒರೆಯನ್ನೇ ಬೇರೆ ಮಾಡುತ್ತಾರೆ. ಅದು ಹೊನೊಕಿ ಎಂಬ ಮೆತ್ತನೆಯ ಮರದ್ದು. ಕಟಾನಾವನ್ನು ಅಡ್ಡವಾಗಿ, ಅಂಚು ಮೇಲೆ ಬರುವ ಹಾಗೆ ಇಡಿ. ಆಗ ಅಂಚು ಒರೆಯ ಒಳಮೈಗೆ ಊರುವುದಿಲ್ಲ. ನಿಲ್ಲಿಸಲೇಬೇಕಾದರೆ ಅಡಿಯಲ್ಲಿ ಎಣ್ಣೆ ಇಳಿದು ಸೇರದ ಹಾಗೆ ತೀರ ತೆಳ್ಳಗೆ ಹಚ್ಚಿ. ಎಣ್ಣೆ ಜಾಸ್ತಿ ಹಚ್ಚಿದರೆ ಜಾಸ್ತಿ ರಕ್ಷಣೆ ಅನ್ನುವುದು ತಪ್ಪು. ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಮತ್ತೆ ಒರೆಸಿದಾಗ ಅಲಗಿನ ಮೇಲೆ ಬೆಳಕು ಸ್ವಲ್ಪ ಮಸುಕಾಗಿ ಕಾಣಬೇಕು. ಹನಿ ನಿಲ್ಲಬಾರದು. ಆಗಾಗ ತೆಗೆಯಲು ಆಗದ ಯೂರೋಪಿನ ಕತ್ತಿಗೆ ಮೈಕ್ರೋಕ್ರಿಸ್ಟಲಿನ್ ಮೇಣ ಒಳ್ಳೆಯದು. ರಿನೈಸಾನ್ಸ್ ವ್ಯಾಕ್ಸ್ ಅಂತ ಸಿಗುತ್ತದೆ, ಬ್ರಿಟಿಷ್ ಮ್ಯೂಸಿಯಂನಲ್ಲಿ 1950ರ ದಶಕದಲ್ಲಿ ರೂಪಿಸಿದ್ದು. ಎಣ್ಣೆಯ ಹಾಗೆ ಹರಿದುಹೋಗುವುದಿಲ್ಲ, ಕೈಗೆ ಅಂಟುವುದೂ ಇಲ್ಲ. ಒಮ್ಮೆ ಹಚ್ಚಿ ಉಜ್ಜಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮಗು ಇರುವ ಮನೆಗೆ ಇದರ ಲಾಭ ಬೇರೆ: ಎಷ್ಟು ಕಡಿಮೆ ಸಲ ತೆಗೆಯುತ್ತೀರೋ ಅಷ್ಟು ಒಳ್ಳೆಯದು. ಆದರೆ ಸಾಂಪ್ರದಾಯಿಕವಾಗಿ ಸಾಣೆ ಹಿಡಿದ ಅಸಲಿ ಜಪಾನಿ ಅಲಗಿಗೆ ಮೇಣ ಹಚ್ಚಿ ಉಜ್ಜಬೇಡಿ, ಆ ಮೈ ಕೆಡುತ್ತದೆ.

ಬೀರುವನ್ನು ಹೊರಗೋಡೆಗೆ, ಅದರಲ್ಲೂ ತೇವ ಏರುವ ಗೋಡೆಗೆ ಆನಿಸಬೇಡಿ. ಒಳಗೊಂದು ಸಣ್ಣ ತೇವಮಾಪಕ ಇಡಿ, 40ರಿಂದ 50 ಪರ್ಸೆಂಟ್ ಇದ್ದರೆ ಸಾಕು. ತೀರ ಒಣಗಿಸಿದರೆ ಮರದ ಹಿಡಿ, ಒರೆ ಸೀಳುತ್ತವೆ. ಬಂದೂಕಿನ ಬೀರುಗಳ ಒಳಗೆ ಅಂಟಿಸಿರುವ ಕಾರ್ಪೆಟ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಲಗು ಅದಕ್ಕೆ ತಾಗದಿರಲಿ. ಓಕ್ ಮರದ ಪೆಟ್ಟಿಗೆ ಆಮ್ಲದ ಆವಿ ಬಿಡುತ್ತದೆ, ಅದೂ ಬೇಡ. ಮೊದಲ ತಿಂಗಳು ವಾರಕ್ಕೊಮ್ಮೆ ಒಂದನ್ನು ತೆಗೆದು ನೋಡಿ. ಚುಕ್ಕೆ ಕಾಣದಿದ್ದರೆ ಎರಡು-ಮೂರು ತಿಂಗಳಿಗೊಮ್ಮೆ ಸಾಕು.

ಇನ್ನು ಮಗಳಿಗೆ ಯಾವಾಗ ತೋರಿಸಬೇಕು ಎಂಬ ಪ್ರಶ್ನೆ. ಮೂರು ವರ್ಷಕ್ಕೆ ಮೊದಲು ತೋರಿಸುವುದೇ ಬೇಡ. ಒಂದು ವರ್ಷದ ಮಗುವಿಗೆ 'ಬೇಡ' ಅನ್ನುವುದು ಅರ್ಥವಾಗುತ್ತದೆ, ಆದರೆ ತನ್ನ ಕೈಯನ್ನು ತಾನೇ ತಡೆಯಲು ಆಗುವುದಿಲ್ಲ. ಆ ಶಕ್ತಿ ಮೂರು-ನಾಲ್ಕರ ಹೊತ್ತಿಗೆ ಮೊಳೆಯುತ್ತದೆ, ಗಟ್ಟಿಯಾಗಲು ಇನ್ನೂ ಎಷ್ಟೋ ವರ್ಷ ಬೇಕು. 'ಮುಟ್ಟಬಾರದು' ಅಂತ ಹೇಳಿಕೊಟ್ಟ ಮಕ್ಕಳೂ ಒಂಟಿಯಾಗಿ ಬಿಟ್ಟಾಗ ಮುಟ್ಟುವುದನ್ನು ಬಂದೂಕಿನ ವಿಷಯದಲ್ಲಿ ಸಂಶೋಧಕರು ಮತ್ತೆ ಮತ್ತೆ ನೋಡಿದ್ದಾರೆ. ಹೇಳಿಕೊಡಬೇಕು, ನಿಜ. ಹೇಳಿಕೊಟ್ಟಿದ್ದೇನೆ ಅಂತ ಬೀಗ ಸಡಿಲ ಮಾಡಬಾರದು.

ನಾಲ್ಕರ ಸುಮಾರಿಗೆ ಅವಳೇ 'ಅದರಲ್ಲಿ ಏನಿದೆ' ಅಂತ ಕೇಳುತ್ತಾಳೆ. ಆಗ ಸುಳ್ಳು ಹೇಳಬೇಡಿ, ಹೆದರಿಸಲೂ ಬೇಡಿ. ಗುಟ್ಟಾದಷ್ಟೂ ಆಸೆ ಹೆಚ್ಚು. ಒಂದನ್ನು ತೆಗೆದು, ಮೇಜಿನ ಆಚೆ ಅವಳು, ಈಚೆ ನೀವು ಕೂತು ತೋರಿಸಿ. ಅಲಗು ನಿಮ್ಮ ಕೈಯಲ್ಲೇ ಇರಲಿ. ಒಂದು ಕಾಗದವನ್ನು ಅಂಚಿಗೆ ತಾಗಿಸಿ, ಒತ್ತದೆಯೇ ಹೇಗೆ ಸೀಳುತ್ತದೆ ಅಂತ ನೋಡಲಿ. ನಿಮ್ಮ ಹತ್ತು ಮಾತಿಗಿಂತ ಆ ಕಾಗದ ಚೆನ್ನಾಗಿ ಹೇಳುತ್ತದೆ. ಹೊರಗೆ ಬಿದ್ದ ಚಾಕು ಕಂಡರೆ ಏನು ಮಾಡಬೇಕು ಎಂಬುದನ್ನು ಮಾತಿನಲ್ಲಿ ಬಿಡದೆ ಆಟದಂತೆ ಮಾಡಿಸಿ: ನಿಲ್ಲು, ಮುಟ್ಟಬೇಡ, ದೂರ ಹೋಗು, ದೊಡ್ಡವರನ್ನು ಕರೆ. ಹಲಗೆಯ ತುಂಡಿನಲ್ಲಿ ಚಾಕು ಮಾಡಿ ನೆಲದ ಮೇಲಿಟ್ಟು ನಾಲ್ಕಾರು ಸಲ ಅಭ್ಯಾಸ ಮಾಡಿಸಿ. ಎಣ್ಣೆ ಒರೆಸುವಂಥ ಕೆಲಸ ಎಂಟು-ಹತ್ತು ವರ್ಷಕ್ಕೆ ಕೊಡಬಹುದು. ವರ್ಷಕ್ಕಿಂತ ಮಗುವಿನ ಸ್ವಭಾವ ನೋಡಿ, ಕೆಲವು ಮಕ್ಕಳಿಗೆ ಹನ್ನೆರಡಾದರೂ ಕೊಡಬಾರದು.

ಅವಳ ಮುಂದೆ ಕತ್ತಿ ಬೀಸಿ ತೋರಿಸುವುದು ಬೇಡ. ಹಾಗೇ ನಿಮ್ಮ ಕಟಾನಾದ ಥರವೇ ಕಾಣುವ ಆಟದ ಕತ್ತಿ ತರಬೇಡಿ. ಆಟದ್ದು ಬಣ್ಣಬಣ್ಣದ ಫೋಮಿನದ್ದಾಗಿರಲಿ, ದೂರದಿಂದಲೇ ಬೇರೆ ಅಂತ ಗೊತ್ತಾಗಲಿ. ಮನೆಗೆ ಬರುವ ಬೇರೆ ಮಕ್ಕಳಿಗೆ ನೀವು ಕಲಿಸಿದ ಯಾವ ನಿಯಮವೂ ಗೊತ್ತಿರುವುದಿಲ್ಲ. ಅವರಿದ್ದಾಗ ಪೆಟ್ಟಿಗೆ ತೆರೆಯಬೇಡಿ, ಅವರ ಅಪ್ಪ ಎಷ್ಟೇ ಒತ್ತಾಯ ಮಾಡಿದರೂ.

ನೀವು ಕೇಳದಿರುವ ಒಂದು ಚಾಕು ಇದೆ, ಜೇಬಿನದ್ದು. ಸಂಗ್ರಹ ಇರುವವರ ಜೇಬಿನಲ್ಲೋ ಚೀಲದಲ್ಲೋ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಹಿಂಭಾಗದ ಮೊಗ್ಗು ಒತ್ತಿದರೆ ಟಕ್ ಅಂತ ತೆರೆದುಕೊಳ್ಳುವ ಈಗಿನ ಚಾಕುಗಳಿಗೆ ಮಗುವಿನ ಬೆರಳಿನ ಬಲ ಸಾಕು. ತೆರೆದ ಅಲಗನ್ನು ಹಿಡಿದಿಡುವ ಕೊಂಡಿ ಇಲ್ಲದ ಹಳೆಯ ಮಾದರಿಯದು ತೆರೆಯಲು ಕಷ್ಟ, ಆದರೆ ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತದೆ. ಪ್ಯಾಂಟು ಗೂಟಕ್ಕೆ ಹೋಗುವ ಮೊದಲು ಚಾಕು ಬೀರಿಗೆ ಹೋಗಲಿ.

ಎಷ್ಟೇ ಎಚ್ಚರ ಇದ್ದರೂ ಗಾಯವಾದರೆ ಏನು ಎಂಬುದು ಮನೆಯ ಇಬ್ಬರಿಗೂ ಗೊತ್ತಿರಬೇಕು. ಮಗುವಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ 75-80 ಮಿ.ಲೀ. ರಕ್ತ ಇರುತ್ತದೆ. 10 ಕಿಲೋ ಮಗುವಿಗೆ ಒಟ್ಟು ಮುಕ್ಕಾಲು ಲೀಟರ್ ಅಷ್ಟೆ. ದೊಡ್ಡವರಿಗೆ ಲೆಕ್ಕಕ್ಕಿಲ್ಲ ಅನ್ನಿಸುವ ರಕ್ತ ಅವಳಿಗೆ ಬಹಳ. ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತಾ ಅಂತ ಮತ್ತೆ ಮತ್ತೆ ಎತ್ತಿ ನೋಡಬೇಡಿ. ಚುಚ್ಚಿಕೊಂಡಿರುವುದನ್ನು ಕೀಳಬೇಡಿ. ರಕ್ತ ನಿಂತರೂ ಬೆರಳು ಮಡಚಲು ಆಗದಿದ್ದರೆ ನರವೋ ಸ್ನಾಯುರಜ್ಜುವೋ ಕತ್ತರಿಸಿದೆ ಎಂದೇ ತಿಳಿದು ಆಸ್ಪತ್ರೆಗೆ ಹೋಗಿ.

ಇಡುವ, ಒಯ್ಯುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ನಿಮ್ಮ ಕಡೆಯದನ್ನು ಒಮ್ಮೆ ನೋಡಿಕೊಳ್ಳಿ.

ಮನೆಯವರ ಜೊತೆಗಿನ ವಾದಕ್ಕೆ ಬಂದರೆ, ಗೋಡೆ ಖಾಲಿ ಮಾಡಿ, ಬೀರು ತಂದು ಬೋಲ್ಟ್ ಹಾಕಿಸಿದ ಮೇಲೆ ಮಾತಾಡಿ. ಬೀಗದ ಸಂಖ್ಯೆ ಅವರಿಗೂ ಗೊತ್ತಿರಲಿ. ತಕ್ಷಣ ಬೀರು ತರಲು ಆಗದಿದ್ದರೆ ಎಲ್ಲವನ್ನೂ ಮಕ್ಕಳಿಲ್ಲದ ನೆಂಟರ ಮನೆಯಲ್ಲಿ ಬೀಗ ಹಾಕಿಡಿ. ಮನೆ ಒಂದೇ ಕೋಣೆಯದಾಗಿದ್ದು ಚಿಲಕ ಹಾಕಿಕೊಂಡು ಕೂರಲು ಜಾಗವೇ ಇಲ್ಲದಿದ್ದರೆ, ಮಗಳು ದೊಡ್ಡವಳಾಗುವ ತನಕ ಎಲ್ಲವೂ ಆ ನೆಂಟರ ಮನೆಯಲ್ಲೇ ಇರಲಿ.

ಏನಾದರೂ ಮಾರಲೇಬೇಕು ಅಂತಾದರೆ ಅಂದಕ್ಕೆ ಕೊಂಡ ಆ ನಾಲ್ಕನೆಯದನ್ನು ಮೊದಲು ಕಳಿಸಿ. ಇಂಥ ಕತ್ತಿಗಳಲ್ಲಿ ಹೆಚ್ಚಿನವು ಸ್ಟೇನ್‌ಲೆಸ್ ಸ್ಟೀಲಿನವು, ಆ ಉದ್ದಕ್ಕೆ ಅದು ಪೆಡಸು. ಹಿಡಿಯೊಳಗೆ ಹೋಗುವ ಭಾಗ ಎಷ್ಟೋ ಸಲ ಬೆಸುಗೆ ಹಾಕಿದ ಬರೀ ಒಂದು ಕಡ್ಡಿ. ಬೀಸಿದರೆ ಅಲಗು ಹಿಡಿಯಿಂದ ಕಳಚಿ ಹಾರುತ್ತದೆ, ಪಕ್ಕದಲ್ಲಿ ಯಾರಿದ್ದಾರೋ ಅವರ ಕಡೆಗೆ. ಕೊಳ್ಳುವವರಿಗೆ ಇದನ್ನು ಬಾಯಿಬಿಟ್ಟು ಹೇಳಿಯೇ ಕೊಡಿ. ಕಟಾನಾಗಳನ್ನು ಬೀರುವಿಗೆ ಹಾಕುವ ಮೊದಲು ಹಿಡಿಯಲ್ಲಿರುವ ಬಿದಿರಿನ ಮೆಕುಗಿ ಕಡ್ಡಿಯನ್ನೂ ನೋಡಿ. ಒಣಗಿ ಸಡಿಲವಾಗಿದ್ದರೆ ಬದಲಿಸಿ, ಅಲಗನ್ನು ಹಿಡಿಯೊಳಗೆ ತಡೆದಿರುವುದು ಆ ಕಡ್ಡಿಯೇ.